ಉಗುರಿಗೆ ಸಿಗದ ಚಕ್ಕೆ

ನನ್ನ ಮಾವನವರನ್ನು ಗಾಡಿ ಇಟ್ಟುಕೊಂಡವರೆಲ್ಲ ಉಗುರು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರಿನ ಬಾಗಿಲ ಗಾಜು ಬದಲಾಯಿಸಬೇಕೋ ಬೇಡವೋ ಎಂಬುದನ್ನು ಅವರು ಕಣ್ಣಿನಿಂದ ನೋಡಿ ಹೇಳಿದವರಲ್ಲ. ಗಾಜನ್ನು ಅರ್ಧ ಕೆಳಗಿಳಿಸಲು ಹೇಳಿ, ಮೇಲಿನ ಅಂಚಿನ ಮೇಲೆ ಬಲಗೈ ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆಯುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಆ ಗಾಜಿನ ಕತೆ ಮುಗಿಯಿತು. ತಡೆಯದಿದ್ದರೆ, "ಹೋಗಪ್ಪ, ಇನ್ನೂ ಬರುತ್ತೆ. ದುಡ್ಡೇನು ಜೇಬಲ್ಲಿ ಕಚ್ತಾ ಇದ್ಯಾ ನಿನಗೆ?" ಎಂದು ಗದರಿ ವಾಪಸು ಕಳಿಸುತ್ತಿದ್ದರು.

ಬಂದ ಹತ್ತು ಗಿರಾಕಿಗಳಲ್ಲಿ ಆರು ಜನರನ್ನು ಹಾಗೇ ಹಿಂದಕ್ಕೆ ಅಟ್ಟುವ ಅಂಗಡಿ ಇನ್ನೊಂದಿದ್ದರೆ ತೋರಿಸಿ. ನನ್ನ ಗಂಡ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಗೆ ಬರುತ್ತಾನೆ. ಬಂದಾಗಲೆಲ್ಲ, "ಅಪ್ಪ ಅಂಗಡಿ ಇಟ್ಟಿರೋದು ಗಾಜು ಮಾರೋಕಲ್ಲ, ಗಾಜು ಮಾರದೇ ಇರೋಕೆ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಒಳಗೊಳಗೇ ಆ ಹೆಬ್ಬೆರಳಿನ ಮೇಲೆ ನನಗೆ ದೇವರ ಮೇಲಿದ್ದಷ್ಟೇ ನಂಬಿಕೆ ಇತ್ತು. ಮದುವೆಯಾದ ಎರಡನೇ ವರ್ಷ ಅತ್ತೆ ತೀರಿಕೊಂಡರು. ಖಾಲಿ ಮನೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ ಅಂಗಡಿಗೆ ಬರತೊಡಗಿದೆ. ಹದಿನಾರು ವರ್ಷದಿಂದ ಮಾವನವರ ಪಕ್ಕದಲ್ಲೇ ಬಾಗಿಲಿನ ಒಳಹಲಗೆ ಬಿಚ್ಚಿದ್ದೇನೆ, ಗಾಜು ಇಳಿಸಿದ್ದೇನೆ, ಕೂರಿಸಿದ್ದೇನೆ. ಕೆಲಸ ಕಲಿಸುವಾಗ ಮೊದಲ ದಿನವೇ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಮುಂದಿನ ಗಾಜು ಒಳ್ಳೇದಮ್ಮ. ಬಿರುಕು ಬಿಟ್ಟು, ತಿಂಗಳುಗಟ್ಟಲೆ ಕಣ್ಣೆದುರಿಗೇ ನಿಂತು, ಹೋಗ್ತೀನಿ ಹೋಗ್ತೀನಿ ಅಂತ ಹೇಳಿ ಹೋಗುತ್ತೆ. ಪಕ್ಕದ ಗಾಜು ಹಾಗಲ್ಲ. ಅಂಚಲ್ಲಿ ಸಾಸಿವೆಕಾಳಷ್ಟು ಚಕ್ಕೆ ಎದ್ದಿದ್ರೆ ಸಾಕು. ಇವತ್ತೂ ನೆಟ್ಟಗಿರುತ್ತೆ, ನಾಳೆನೂ ನೆಟ್ಟಗಿರುತ್ತೆ. ಒಂದಿನ ಬಿಸಿಲಲ್ಲಿ ಸುಮ್ನೆ ನಿಂತಿರೋವಾಗ ಢಬ್ ಅಂತ ಪೂರ್ತಿ ಪುಡಿ. ಅದಕ್ಕೆ ಅಂಟು ಹಾಕೋಕಾಗಲ್ಲ, ತೇಪೆ ಹಾಕೋಕಾಗಲ್ಲ. ಮೊದಲೇ ಕಂಡುಹಿಡಿದು ತೆಗೀಬೇಕು, ಅಷ್ಟೇ."

ಕಂಡುಹಿಡಿಯುವ ದಾರಿಗಳು ಬೇರೆಯೂ ಇದ್ದವು. ಏರಿಸುವಾಗ ಗರಗರ ಎಂದರೆ ಸಂದಿಯಲ್ಲಿ ಮರಳು ಸೇರಿ ಗಾಜನ್ನು ಗೀರುತ್ತಿದೆ ಎಂದರ್ಥ. ಮುಚ್ಚಿದ ಮೇಲೂ ಅಲುಗಾಡಿದರೆ ಕೆಳಗಿನ ಹಿಡಿ ಸಡಿಲಾಗಿದೆ. ಓಡುವಾಗ ಗಾಳಿ ಸಿಳ್ಳೆ ಹೊಡೆದರೆ, ಮಳೆ ಬಂದಾಗ ಸೀಟಿನ ಪಕ್ಕ ಒದ್ದೆಯಾದರೆ, ಗಾಜು ತನ್ನ ಜಾಗದಲ್ಲಿ ಕೂತಿಲ್ಲ. ಇಷ್ಟು ಯಾರಿಗಾದರೂ ತಿಳಿಯುತ್ತದೆ. ಅಂಚಿನ ಚಕ್ಕೆ ಮಾತ್ರ ಒಮ್ಮೆ ಕೊಳೆಯಂತೆ, ಒಮ್ಮೆ ಬೆಳಕಿನ ಚುಕ್ಕೆಯಂತೆ ಕಂಡು ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕೇ ಉಗುರು ಬೇಕಾಗುವುದು.

ಆ ಉಗುರಿನ ಕೆಳಗಿನ ಬೆರಳು ಜೀವ ಕಳೆದುಕೊಳ್ಳುತ್ತಿದೆ ಎಂದು ನನಗೆ ಗೊತ್ತಾದದ್ದು ಚಳಿಗಾಲದ ಒಂದು ಬೆಳಿಗ್ಗೆ. ಮಾವನವರಿಗೆ ಸಕ್ಕರೆ ಕಾಯಿಲೆ ಹಳೆಯದು. ಬಲ ಪಾದದಲ್ಲಿ ಒಂದು ಗಾಯ ಮಾಯದೆ, ಪ್ರತಿ ಬುಧವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದರು. ಅವತ್ತು ಆಗತಾನೆ ಒಲೆಯಿಂದ ಇಳಿಸಿದ ಚಹಾವನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಲೋಟವನ್ನು ಬಟ್ಟೆಯಲ್ಲಿ ಹಿಡಿದು ತಂದು ಅವರ ಮುಂದಿಟ್ಟೆ. ಅವರು ಬರಿಗೈಯಲ್ಲಿ ಅದನ್ನು ಮುಷ್ಟಿ ತುಂಬ ಹಿಡಿದು, ಯಾವುದೋ ಗಿರಾಕಿಯ ಕತೆ ಹೇಳುತ್ತ ನಿಂತೇ ಇದ್ದರು.

"ಮಾವ, ಸುಡ್ತಿಲ್ವಾ?" ಎಂದೆ.

ಅವರು ಲೋಟದ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ, "ಅಯ್ಯಯ್ಯೋ, ಹೌದಲ್ಲ" ಎಂದು ಕೆಳಗಿಟ್ಟರು. ಆ ಅಯ್ಯಯ್ಯೋ ಸುಳ್ಳು. ಸುಟ್ಟುಕೊಂಡವರು ಅಷ್ಟು ಯೋಚನೆ ಮಾಡಿ ಅಯ್ಯೋ ಎನ್ನುವುದಿಲ್ಲ.

ಅಲ್ಲಿಂದ ಮುಂದೆ ನಾನು ಅವರ ಕೈಕಾಲನ್ನೇ ನೋಡುತ್ತ ಹೋದೆ. ಅಂಗಿಯ ಗುಂಡಿ ಹಾಕುವಾಗ ಬೆರಳುಗಳನ್ನೇ ದಿಟ್ಟಿಸುತ್ತ ನಿಲ್ಲುತ್ತಿದ್ದರು. ಒಂದು ದಿನ ಗೇಟಿನ ಹತ್ತಿರ ಎಡಗಾಲಿನ ಚಪ್ಪಲಿ ಕಳಚಿಬಿದ್ದರೂ ತಿಳಿಯದೆ, ಒಂದೇ ಚಪ್ಪಲಿಯಲ್ಲಿ ಅಂಗಳ ದಾಟಿ ಬಂದರು. ಇನ್ನೊಂದು ದಿನ ಊಟಕ್ಕೆ ಕೂತಾಗ ಹೆಬ್ಬೆರಳಿನಲ್ಲಿ ಗಾಜಿನ ಹರಳೊಂದು ನೆಟ್ಟುಕೊಂಡಿತ್ತು. ಸುತ್ತಲಿನ ರಕ್ತ ಆಗಲೇ ಒಣಗಿ ಕಪ್ಪಾಗಿತ್ತು. ನಾನು ಚಿಮುಟದಿಂದ ಕಿತ್ತು ತೆಗೆದೆ. ಅವರು ಉಪ್ಪು ಕಮ್ಮಿಯಾಗಿದೆ ಎಂದು ನನ್ನ ಅಡುಗೆಯ ಮೇಲೆ ಗೊಣಗುತ್ತಲೇ ಇದ್ದರು.

ಅಂದೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ನಲವತ್ತು ವರ್ಷ ಒಂದು ಬೆರಳನ್ನು ನಂಬಿ ಬದುಕಿದವರಿಗೆ ಆ ಬೆರಳು ಹೋಯಿತು ಎಂದು ಯಾವ ಸೊಸೆ ಹೇಳುತ್ತಾಳೆ? ಗಂಡನಿಗೆ ಹೇಳಿದರೆ ಮರುದಿನವೇ ಅಂಗಡಿಗೆ ಬೀಗ ಹಾಕಿಸುತ್ತಾನೆ. ಬೀಗ ಬಿದ್ದರೆ ಮಾವ ಆರು ತಿಂಗಳೂ ಬದುಕುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಹಾಗಾಗಿ ನಾನೇ ಒಂದು ಉಪಾಯ ಮಾಡಿಕೊಂಡೆ.

ಮಾವನವರು ಉಗುರು ಎಳೆದು ಗಾಡಿಯನ್ನು ಪಾಸು ಮಾಡಿದ ಕೂಡಲೇ ನಾನು ಒರೆಸುವ ಬಟ್ಟೆ ಹಿಡಿದು ಬರುತ್ತಿದ್ದೆ. "ಇರಿ, ಗಾಜು ಒರೆಸಿಕೊಡ್ತೀನಿ" ಎಂದು ಬಟ್ಟೆಯ ಮರೆಯಲ್ಲಿ ನನ್ನ ಉಗುರನ್ನು ಅಂಚಿನ ಮೇಲೆ ಎಳೆಯುತ್ತಿದ್ದೆ. ತಡೆದರೆ, ಗೇಟಿನವರೆಗೆ ಹಿಂದೆಯೇ ಹೋಗಿ, "ಬುಧವಾರ ಮಧ್ಯಾಹ್ನ ಬನ್ನಿ, ಈ ಗಾಜು ತೆಗೀಲೇಬೇಕು. ಮೇಸ್ತ್ರಿ ಹತ್ರ ಮಾತ್ರ ಬಾಯಿ ಬಿಡಬೇಡಿ" ಎಂದು ಪಿಸುಗುಟ್ಟುತ್ತಿದ್ದೆ. ಬುಧವಾರ ಅವರು ಆಸ್ಪತ್ರೆಯಲ್ಲಿದ್ದಾಗ ಗಾಜು ಬದಲಾಯಿಸುತ್ತಿದ್ದೆ. ಗಾಜಿನ ಬೆಲೆಯಷ್ಟೇ ತೆಗೆದುಕೊಳ್ಳುತ್ತಿದ್ದೆ, ಕೂಲಿ ಮುಟ್ಟುತ್ತಿರಲಿಲ್ಲ. ತೆಗೆದ ಹಳೆಯ ಗಾಜುಗಳನ್ನು ಎಸೆಯಲಿಲ್ಲ. ಚಕ್ಕೆ ಇದ್ದ ಜಾಗದ ಸುತ್ತ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಹಿಂದಿನ ಕೋಣೆಯಲ್ಲಿ ಹಲಗೆಗಳ ಮರೆಗೆ ಒರಗಿಸಿಟ್ಟೆ. ಒಂದಲ್ಲ ಒಂದು ದಿನ ಈ ಕಳ್ಳಾಟ ನನ್ನ ಕುತ್ತಿಗೆಗೇ ಬರುತ್ತದೆ, ಆಗ ಸಾಕ್ಷಿ ಬೇಕಾಗುತ್ತದೆ ಎಂದು ಅನಿಸಿತ್ತು. ಮೂರು ತಿಂಗಳಲ್ಲಿ ಹನ್ನೊಂದು ಗಾಜು ಸೇರಿದವು.

ಹನ್ನೆರಡನೆಯದಾಗಬೇಕಿದ್ದದ್ದು ಟೀಚರ್ ಕಾರಿನದು.

ಟೀಚರ್ ನಮ್ಮ ಹಳೆಯ ಗಿರಾಕಿ, ಶಾಲೆಯ ಮೇಡಂ. ಅವರಿರುವುದು ನಮ್ಮ ಅಂಗಡಿಯಿಂದ ಮೂರು ಬೀದಿ ಆಚೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ. ಬಿಸಿಲು ಶುರುವಾದ ಹೊಸತರಲ್ಲಿ ಒಂದು ದಿನ, ಹಿಂದಿನ ಎಡಗಡೆಯ ಗಾಜು ಗರಗರ ಎನ್ನುತ್ತದೆ ಎಂದು ಕಾರು ತಂದರು. ಅವತ್ತು ಬೆಳಿಗ್ಗೆಯೇ ನನ್ನ ತಲೆ ಕೆಟ್ಟಿತ್ತು. ಸ್ಕ್ರೂ ಒಂದು ಕಡಿಮೆ ಹಾಕಿದೆ ಎಂದು ಮಾವನವರು ಇಬ್ಬರು ಗಿರಾಕಿಗಳ ಮುಂದೆ ನನ್ನ ಮಾನ ಕಳೆದಿದ್ದರು. ಆ ಸ್ಕ್ರೂ ಬಿಟ್ಟದ್ದು ಅವರೇ, ನಾನಲ್ಲ. ಅದನ್ನೂ ಬಾಯಿ ಮುಚ್ಚಿಕೊಂಡು ನುಂಗಿದ್ದೆ.

ಮಾವನವರು ಟೀಚರ್ ಕಾರಿನ ಸಂದಿಯ ಮರಳು ತೆಗೆದು, ಉಗುರು ಎಳೆದು, "ಚಿನ್ನದಂಥ ಗಾಜು, ಟೀಚರ್. ಇನ್ನೂ ನಾಲ್ಕು ವರ್ಷ ಕೇಳಬೇಡಿ" ಎಂದರು. ನಾನು ಎಂದಿನಂತೆ ಬಟ್ಟೆ ಹಿಡಿದು ಹೋದೆ.

"ಮೇಸ್ತ್ರಿನೇ ನೋಡಿದ್ಮೇಲೆ ನೀನ್ಯಾಕಮ್ಮ ಮತ್ತೆ ಉಜ್ತೀಯ? ಗೀರು ಬಿದ್ದೀತು, ಬಿಡು" ಎಂದರು ಟೀಚರ್.

ಮಾವನವರು ನಕ್ಕರು. "ಅವಳಿಗೆ ಒರೆಸೋ ಹುಚ್ಚು, ಟೀಚರ್. ಗಾಜಿನ ಕೆಲಸ ತಲೆಗೆ ಹತ್ತದೋರಿಗೆ ಕೊನೆಗೆ ಬಟ್ಟೆನೇ ಗತಿ."

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. ಯಾರ ಮಾನ ಉಳಿಸಲು ನಾನು ಮೂರು ತಿಂಗಳಿಂದ ಕಳ್ಳಿಯ ಹಾಗೆ ಬದುಕುತ್ತಿದ್ದೆನೋ ಅವರೇ ನನ್ನ ಮುಖಕ್ಕೆ ಮಸಿ ಬಳಿದು ನಗುತ್ತಿದ್ದರು. ಬಟ್ಟೆಯನ್ನು ಬಕೆಟ್ಟಿಗೆ ಎಸೆದು, 'ಏನಾದರೂ ಮಾಡಿಕೊಳ್ಳಿ' ಎಂದುಕೊಂಡು ಒಳಗೆ ಹೋಗಿಬಿಟ್ಟೆ. ಟೀಚರ್ ಕಾರು ಹೋದ ಸದ್ದು ಕೇಳಿಸಿತು.

ಸಂಜೆಯ ಹೊತ್ತಿಗೆ ಸಿಟ್ಟು ಇಳಿದಿತ್ತು. ನಾಳೆ ಹೋಗಿ ನೋಡಿಕೊಂಡು ಬಂದರಾಯಿತು ಎಂದುಕೊಂಡೆ. ಮರುದಿನ ಕೆಲಸ ಬಂತು. ಅದರ ಮರುದಿನ, ಎಲ್ಲ ಗಾಜಿನಲ್ಲೂ ಚಕ್ಕೆ ಇರುತ್ತದೆಯೇ, ಬಹುಶಃ ಚೆನ್ನಾಗಿಯೇ ಇರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಹಾಗೆ ಎರಡು ತಿಂಗಳು ಕಳೆದವು.

ಈ ನಡುವೆ ಮಾವನವರ ಕಣ್ಣಿಗೆ ಬೇರೆಯೇ ಒಂದು ಸಂಗತಿ ಬಿದ್ದಿತ್ತು. ಬಾಗಿಲ ಗಾಜಿನ ಕೆಳಮೂಲೆಯಲ್ಲಿ ಅದು ಯಾವ ವರ್ಷ ತಯಾರಾದದ್ದು ಎಂದು ಹೇಳುವ ಸಣ್ಣ ಗುರುತು ಇರುತ್ತದೆ. ಬೆರಳು ಹೋದರೂ ಅವರ ಕಣ್ಣು ಹದ್ದಿನದು. ಬಾಗಿಲ ಕೀಲಿಗೆ ಎಣ್ಣೆ ಬಿಡಿಸಿಕೊಳ್ಳಲು ಬಂದ ಟ್ಯಾಕ್ಸಿಯೊಂದರ ಗಾಜಿನಲ್ಲಿ ಈ ವರ್ಷದ ಗುರುತು ಕಂಡರು. ಆ ಟ್ಯಾಕ್ಸಿಯ ಹಳೆಯ ಗಾಜನ್ನು ಅವರೇ 'ಇನ್ನೂ ಬರುತ್ತೆ' ಎಂದು ಕಳಿಸಿದ್ದರು. ಆಮೇಲೆ ಇನ್ನೊಂದು ಗಾಡಿ, ಮತ್ತೊಂದು. ಏನೂ ಹೇಳದೆ ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡರು.

ಒಂದು ಗುರುವಾರ ಬೆಳಿಗ್ಗೆ, ಹಿಂಬಾಗಿಲಿನಿಂದ ಒಳಗೆ ಬಂದು ಅಂಗಡಿಯ ಮುಂಬಾಗಿಲು ಎತ್ತುವ ಮೊದಲೇ ಕೇಳಿದರು.

"ಟ್ಯಾಕ್ಸಿಯವನ ಗಾಜು ಯಾರು ಬದಲಾಯಿಸಿದ್ದು?"

"ನಾನೇ, ಮಾವ."

"ನಾನು ಬರುತ್ತೆ ಅಂದಿದ್ದೆ."

ನಾನು ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟೆ.

"ನಾಲ್ಕು ಗಾಡಿ ನೋಡಿದೆ. ನಾಲ್ಕೂ ನಾನು ಪಾಸ್ ಮಾಡಿದ್ದು. ನಾನು ಆಸ್ಪತ್ರೇಲಿ ಕಾಲು ಚಾಚ್ಕೊಂಡು ಕೂತಿರೋವಾಗ, ನೀನಿಲ್ಲಿ ನನ್ನ ಹೆಸರು ಹೇಳಿ ಜನಕ್ಕೆ ಟೋಪಿ ಹಾಕ್ತಿದ್ಯಾ? ನಲವತ್ತು ವರ್ಷ ಒಬ್ಬರ ಹತ್ರಾನೂ ಬೇಡದ ಗಾಜಿಗೆ ದುಡ್ಡು ಕೇಳಿದೋನಲ್ಲ ನಾನು. ನನ್ನ ಮನೇಲೇ ಕಳ್ಳಿ!"

ಹೌದು ಮಾವ, ತಪ್ಪಾಯಿತು, ದುಡ್ಡಿನ ಆಸೆಗೆ ಮಾಡಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರ ಬೆರಳು ಅವರ ಪಾಲಿಗೆ ಉಳಿಯುತ್ತಿತ್ತು. ಒಳ್ಳೆಯ ಸೊಸೆಯಾಗಿದ್ದರೆ ಹಾಗೇ ಮಾಡುತ್ತಿದ್ದಳೋ ಏನೋ. ನಾನು ಅಷ್ಟು ಒಳ್ಳೆಯವಳಲ್ಲ. ಹಿಂದಿನ ಕೋಣೆಗೆ ಹೋಗಿ ಬಚ್ಚಿಟ್ಟ ಗಾಜುಗಳಲ್ಲಿ ಮೂರನ್ನು ತಂದು ಅವರ ಮುಂದಿನ ಮೇಜಿಗೆ ಒರಗಿಸಿದೆ.

"ಎಳೀರಿ ಮಾವ, ಉಗುರು."

ಅವರು ಹಲ್ಲು ಕಚ್ಚಿಕೊಂಡು ಮೊದಲನೆಯದರ ಅಂಚಿನ ಮೇಲೆ ಉಗುರು ಎಳೆದರು. ಕೆಂಪು ಗುರುತಿನ ನಡುವೆಯೇ ಹಾದು ಹೋಯಿತು. "ಏನೂ ಇಲ್ಲ" ಎಂದರು. ಎರಡನೆಯದು. "ಏನೂ ಇಲ್ಲ." ಮೂರನೆಯದು. "ಒಳ್ಳೇ ಗಾಜು ಇವೆಲ್ಲ. ಹಾಳು ಮಾಡಿದ್ಯಲ್ಲೇ."

"ಈಗ ಬಿಸಿಲಿಗೆ ಹಿಡಿದು ಕಣ್ಣಿಂದ ನೋಡಿ."

ಮುಂಬಾಗಿಲನ್ನು ಅರ್ಧ ಎತ್ತಿದೆ. ಅವರು ಗಾಜನ್ನು ಬೆಳಕಿಗೆ ಹಿಡಿದರು. ಕೆಂಪು ಗುರುತಿನೊಳಗೆ ಅಂಚಿನ ಚಕ್ಕೆ ಹಲ್ಲು ಮುರಿದಂತೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಮತ್ತೆ ಉಗುರು ಎಳೆದರು. ಇನ್ನೊಮ್ಮೆ ಎಳೆದರು. ಎಡಗೈ ಹೆಬ್ಬೆರಳಿನಿಂದ ಎಳೆದರು. ಕೊನೆಗೆ ಗಾಜನ್ನು ಮುಖದ ಹತ್ತಿರ ತಂದು, ಮಗುವಿನ ಹಾಲಿನ ಬಿಸಿ ನೋಡುವವರ ಹಾಗೆ, ಕೆಳತುಟಿಯನ್ನು ಆ ಅಂಚಿಗೆ ಮೆಲ್ಲಗೆ ಸೋಕಿಸಿದರು. ತುಟಿಗೆ ಗೊತ್ತಾಯಿತು. ಗಾಜನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

"ಯಾವಾಗಿಂದ?" ಎಂದು ಕೇಳಿದರು.

"ಚಳಿಗಾಲದಿಂದ ನನಗೆ ಗೊತ್ತು. ಅದಕ್ಕೂ ಮುಂಚೆ ಎಷ್ಟು ದಿನದಿಂದಲೋ."

"ನಾನು ನಿನ್ನನ್ನ ಕಳ್ಳಿ ಅಂದೆ."

"ಅಂದ್ರಿ."

"ತಪ್ಪಾಯ್ತಮ್ಮ."

ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಎಷ್ಟೋ ಸಲ ಕನಸು ಕಂಡಿದ್ದೆ. ಈಗ ಕೇಳಿದಾಗ, ಅವರು ಅದನ್ನು ವಾಪಸು ತೆಗೆದುಕೊಳ್ಳಬಾರದೇ ಎನಿಸಿತು. ಅವರು ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಆದರೂ ತಲೆ ಮೇಲೆ ಕೈಹೊತ್ತು ಕೂರಲಿಲ್ಲ. ತಲೆಯೆತ್ತಿ, "ನಾನು ಪಾಸ್ ಮಾಡಿ, ನೀನೂ ನೋಡದೆ ಹೋದ ಗಾಡಿ ಎಷ್ಟಿವೆ?" ಎಂದರು. ಆಮೇಲೆ ಒಂದೊಂದಾಗಿ ನೆನಪಿಸಿಕೊಂಡು ಹೇಳತೊಡಗಿದರು. ಬಣ್ಣ, ಯಾವ ಬಾಗಿಲು, ಓಡಿಸುವವರು ಯಾರು. ಬೆರಳಿನಲ್ಲಿ ಇಲ್ಲದ್ದೆಲ್ಲ ತಲೆಯಲ್ಲಿ ಹಾಗೇ ಇತ್ತು.

"ಎಲ್ಲರ ಮನೆಗೂ ಹೋಗೋಣ. ನೀನು ಉಗುರು ಎಳಿ. ನಾನು ತಪ್ಪಾಯ್ತು ಅಂತೀನಿ" ಎಂದರು.

"ಟೀಚರ್ ಕಾರಿಂದ ಶುರು ಮಾಡೋಣ" ಎಂದೆ.

"ಅದು ಮೊನ್ನೆ ಮೊನ್ನೆ ಬಂದಿದ್ದಲ್ವಾ? ಅದನ್ನ ನೀನು ನೋಡಿರಬೇಕಲ್ಲ?"

"ಹತ್ರ ಇದೆ ಅಂತ ಅಂದೆ, ಅಷ್ಟೇ."

ಅವರು ನನ್ನ ಮುಖ ನೋಡಿ, ಎದ್ದು ಚಪ್ಪಲಿ ಮೆಟ್ಟಿದರು.

ಕಟ್ಟಡದ ಅಂಗಳದಲ್ಲಿ ನೆರಳೆಂಬುದೇ ಇಲ್ಲ. ಗೇಟಿನಿಂದಲೇ ಟೀಚರ್ ಕಾರು ಕಂಡಿತು. ಹಿಂದಿನ ಎಡಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತಲೂ ಅಗಲವಾದ ಟೇಪು ಅಂಟಿಸಿದ್ದರು. ಯಾರಿಗೆ ಏನಾಯಿತೋ, ಕಣ್ಣಿಗೇನಾದರೂ ಬಡಿಯಿತೋ ಎಂದು ಗೇಟಿನಲ್ಲೇ ನಿಂತುಬಿಟ್ಟೆ. ಗೇಟಿನಲ್ಲಿದ್ದ ವಾಚ್‌ಮನ್ ಮೇಲಕ್ಕೆ ಫೋನ್ ಮಾಡಿದ. ಟೀಚರ್ ನಗುನಗುತ್ತಲೇ ಇಳಿದು ಬಂದರು.

"ಮೇಸ್ತ್ರಿ! ನಾನೇ ಬರಬೇಕು ಅಂತಿದ್ದೆ ನೋಡಿ. ಪರೀಕ್ಷೆ ಪೇಪರ್ ತಿದ್ದೋದ್ರಲ್ಲಿ ಪುರುಸೊತ್ತೇ ಸಿಗ್ಲಿಲ್ಲ. ಬೇರೆ ಕಡೆ ಹಾಕಿಸೋಕೆ ಮನಸ್ಸು ಬರಲ್ಲ."

"ಯಾರಿಗಾದ್ರೂ ಪೆಟ್ಟಾಯ್ತಾ?" ಎಂದು ಮಾವನವರು ಕೇಳಿದರು.

"ಇಲ್ಲಪ್ಪ, ಕಾರಲ್ಲಿ ಯಾರೂ ಇರ್ಲಿಲ್ಲ. ಇಲ್ಲೇ ನಿಂತಿತ್ತು, ಭಾನುವಾರ ಮಧ್ಯಾಹ್ನ. ಯಾರೋ ಕಲ್ಲು ಹೊಡೆದಿದ್ದಾರೆ."

ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಲಿ. ಮಾವನವರು ಮಾತ್ರ ಅಂಗಳದ ನೆಲವನ್ನೇ ನೋಡುತ್ತಿದ್ದರು.

"ಕಲ್ಲು ಸಿಕ್ತಾ?"

"ಎಲ್ಲೋ ಉರುಳಿಹೋಗಿರುತ್ತೆ. ಆವಾಗ ಬೇರೆ ವಾಚ್‌ಮನ್ ಇದ್ದ. ಯಾರು ಹೊಡೆದಿದ್ದು ಅಂತ ಕೇಳಿದ್ರೆ, ಯಾರೂ ಬಂದಿಲ್ಲಮ್ಮ, ನಾನಿಲ್ಲೇ ಕೂತಿದ್ದೆ, ಗಾಜು ತಾನಾಗೇ ಒಡೀತು ಅಂತಾನೆ! ನಿಂತ ಕಾರಿನ ಗಾಜು ತಾನಾಗೇ ಒಡೆಯುತ್ತಾ? ನಾನೇ ಬಿಲ್ಡಿಂಗ್ ಕಮಿಟಿಯವರಿಗೆ ಹೇಳಿದೆ, ಈಗಷ್ಟೇ ಉಗುರು ಮೇಸ್ತ್ರಿ ನೋಡಿ ಚಿನ್ನದಂಥ ಗಾಜು ಅಂದಿದ್ದಾರೆ ಅಂತ. ಅದಾದ್ಮೇಲೆ 'ಅವನ ಮಾತು ಬಿಡಿ, ನಿದ್ದೆ ಹೊಡೀತಿದ್ದ, ಇಲ್ಲಾ ಕುಡಿದಿದ್ದ' ಅಂತ ಎಲ್ಲರೂ ಒಂದೇ ಮಾತು. ಆ ಸಂಜೆನೇ ಕಳಿಸಿಬಿಟ್ರು. ಹೆಂಡ್ತಿ ಇಲ್ಲೇ ಮೆಟ್ಟಿಲು ಗುಡಿಸ್ತಿದ್ಲು, ಅವಳೂ ಹೋದ್ಲು. ಗೇಟ್ ಪಕ್ಕದ ಆ ರೂಮಲ್ಲೇ ಒಂಬತ್ತು ವರ್ಷ ಇದ್ರು. ಹೋಗೋವಾಗ್ಲೂ ಅದೇ ಮಾತು, ತಾನಾಗೇ ಒಡೀತು, ತಾನಾಗೇ ಒಡೀತು ಅಂತ."

ಗೇಟಿನ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಂದು ಮಂಚ ಹಿಡಿಸುವಷ್ಟು ಜಾಗ. ಹೊಸ ವಾಚ್‌ಮನ್ನನ ಅಂಗಿ ಮೊಳೆಗೆ ನೇತಾಡುತ್ತಿತ್ತು. ಗೋಡೆಯ ಮೇಲೆ, ಹಳಬರು ಯಾವುದೋ ಚಿತ್ರ ಅಂಟಿಸಿ ಕಿತ್ತ ಜಾಗ ಬಿಳಿಯಾಗಿ ಉಳಿದಿತ್ತು.

"ಕಲ್ಲಲ್ಲ, ಟೀಚರ್" ಎಂದರು ಮಾವನವರು. "ಅವನು ಹೇಳಿದ್ದೇ ನಿಜ. ಅಂಚಲ್ಲಿ ಚಕ್ಕೆ ಇತ್ತು. ನನಗೆ ಗೊತ್ತಾಗಲಿಲ್ಲ."

"ನಿಮಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬ್ತೀನಾ?" ಟೀಚರ್ ನಕ್ಕರು. "ಪಾಪ, ಅವನ ಮೇಲೆ ಕನಿಕರಕ್ಕೆ ಹೇಳ್ತಿದ್ದೀರ. ನೀವು ಮೊದಲಿಂದ್ಲೂ ಹೀಗೇ."

ಮಾವನವರು ಕಾರಿನ ಹತ್ತಿರ ಹೋಗಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಎತ್ತಿದರು. ಸಂದಿಯಲ್ಲಿ ಇನ್ನೂ ಗಾಜಿನ ಹರಳುಗಳು ಸಿಕ್ಕಿಕೊಂಡಿದ್ದವು. ಚೂಪಾದ ಒಂದನ್ನು ಆರಿಸಿ, ಟೀಚರ್ ಎದುರಿಗೇ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಒತ್ತಿದರು. ಒತ್ತುತ್ತಲೇ ಇದ್ದರು. ರಕ್ತ ಮಣಿಕಟ್ಟಿನವರೆಗೆ ಇಳಿಯಿತು.

"ಅಯ್ಯೋ, ಬಿಡಿ ಮೇಸ್ತ್ರಿ, ಬಿಡಿ!" ಟೀಚರ್ ತಮ್ಮ ಕೈಯನ್ನೇ ಎದೆಗೆ ಒತ್ತಿಕೊಂಡರು.

"ನೋಡಿ, ನಿಮಗೆ ನೋವಾಯ್ತು. ನನಗೆ ಏನೂ ಇಲ್ಲ. ಇದೇ ಬೆರಳಲ್ಲಿ ನಿಮ್ಮ ಗಾಜು ನೋಡಿದ್ದು."

ಟೀಚರ್ ಮುಖದ ನಗು ಎಲ್ಲಿ ಹೋಯಿತೋ. ಅವರು ಮಾವನವರನ್ನು ಬಿಟ್ಟು ಗೇಟಿನ ಕೋಣೆಯ ಕಡೆ ತಿರುಗಿದರು. "ನಾನೇ ಮುಂದೆ ನಿಂತು ಕಳಿಸಿದ್ದು" ಎಂದರು, ಯಾರಿಗೆ ಹೇಳಿದರೋ. ಅವನು ಎಲ್ಲಿ ಹೋದ ಎಂದು ಅವರಿಗೆ ಗೊತ್ತಿರಲಿಲ್ಲ. ಕಮಿಟಿಯ ಪುಸ್ತಕದಲ್ಲಿ ಅವನ ಫೋನ್ ನಂಬರು ಇದೆ ಎಂದು ಮೇಲೆ ಓಡಿಹೋಗಿ ತಂದು, ಅಲ್ಲೇ ನಿಂತು ಕರೆ ಮಾಡಿದರು. ಗೇಟಿನ ಕೋಣೆಯೊಳಗೇ ಫೋನು ರಿಂಗಾಗತೊಡಗಿತು. ಅದು ಕಟ್ಟಡದವರು ಕೊಟ್ಟ ಫೋನು, ಅವನು ಬಿಟ್ಟುಹೋಗಿದ್ದ.

ವಾಪಸು ಬರುವಾಗ ನನ್ನ ಒರೆಸುವ ಬಟ್ಟೆಯನ್ನೇ ಹರಿದು ಅವರ ಬೆರಳಿಗೆ ಸುತ್ತಿದೆ. ಎರಡನೇ ಬೀದಿಯ ತಿರುವಿನಲ್ಲಿ ಅವರು ನಿಂತರು.

"ಆ ಕಾರು ಬಂದಿದ್ದು ಬಿಸಿಲು ಶುರುವಾದ ಮೇಲೆ. ಅಷ್ಟೊತ್ತಿಗೆ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ನೀನು ನೋಡಲಿಲ್ಲ."

"ಇಲ್ಲ."

"ಯಾಕೆ?"

ಟೀಚರ್ ಹಾಗಂದರು, ನೀವು ಹೀಗಂದಿರಿ, ಬೆಳಿಗ್ಗೆ ಸ್ಕ್ರೂ ವಿಷಯಕ್ಕೆ ನನ್ನ ಮಾನ ಕಳೆದಿರಿ ಎಂದು ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಕೋಣೆಯ ಗೋಡೆಯ ಬಿಳಿ ಜಾಗ ಕಣ್ಣ ಮುಂದೆ ಬಂತು. "ಸಿಟ್ಟು ಬಂದಿತ್ತು, ಮಾವ" ಎಂದಷ್ಟೇ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವನು ಸಿಕ್ಕಿದಾಗ ಅದನ್ನ ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ" ಎಂದರು.

ಉಳಿದ ಗಾಡಿಗಳನ್ನೆಲ್ಲ ಒಂದೇ ವಾರದಲ್ಲಿ ಹುಡುಕಿ ನೋಡಿದೆವು. ಇಪ್ಪತ್ತಮೂರು. ಮೂರರ ಗಾಜು ತೆಗೆಯಬೇಕಾಯಿತು. ಈಗ ಅಂಗಡಿಯಲ್ಲಿ ಉಗುರು ಎಳೆಯುವವಳು ನಾನು. ಹಳೆಯ ಗಿರಾಕಿಗಳು ಬಂದು, "ಮೇಸ್ತ್ರಿ, ನೀವೇ ಒಂದ್ಸಲ ನೋಡಿ" ಎಂದರೆ, ಮಾವನವರು ಕೈ ಹಿಂದಕ್ಕೆ ಕಟ್ಟಿಕೊಂಡು, "ಅವಳನ್ನ ಕೇಳಿ" ಎನ್ನುತ್ತಾರೆ. ಸ್ಕ್ರೂಗಳನ್ನು ಡಬ್ಬಿಯಿಂದ ಆರಿಸಿ ಕೊಡುತ್ತಾರೆ, ಒಂದೊಂದನ್ನೂ ಕಣ್ಣಿನಿಂದ ಎಣಿಸಿ. ಅವರನ್ನು ಹಾಗೆ ನೋಡುವುದು ಕಷ್ಟ.

ಸಂಜೆ ಒಂದು ಗಂಟೆ ಮೊದಲೇ ಅಂಗಡಿ ಮುಚ್ಚಿ ಇಬ್ಬರೂ ಹೊರಡುತ್ತೇವೆ. ದಿನಕ್ಕೆ ಒಂದು ಬೀದಿ. ಗೇಟಿರುವ ಪ್ರತಿ ಕಟ್ಟಡದ ಮುಂದೆ ನಿಂತು ಅಲ್ಲಿನ ವಾಚ್‌ಮನ್ನನನ್ನು, "ಕಾರಿನ ಗಾಜು ತಾನಾಗೇ ಒಡೀತು ಅಂತ ಹೇಳಿ ಕೆಲಸ ಕಳ್ಕೊಂಡ ವಾಚ್‌ಮನ್ ಯಾರಾದ್ರೂ ಗೊತ್ತಾ? ಗಂಡ ಹೆಂಡ್ತಿ ಇಬ್ಬರೂ ಒಟ್ಟಿಗೆ ಇರ್ತಾರೆ" ಎಂದು ಕೇಳುತ್ತೇವೆ. ಎಲ್ಲರೂ ಮೊದಲು ನಗುತ್ತಾರೆ. "ಗಾಜು ತಾನಾಗೇ ಒಡೆಯುತ್ತಾ ಎಲ್ಲಾದ್ರೂ?" ಎನ್ನುತ್ತಾರೆ.

"ಒಡೆಯುತ್ತಪ್ಪ" ಎಂದು ಮಾವನವರು ಗಾಯದ ಕಾಲನ್ನು ಚಾಚಿ ಅವರ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾರೆ. ಮುಂದಿನ ಗಾಜು ಹೇಗೆ ಹೇಳಿ ಹೋಗುತ್ತದೆ, ಪಕ್ಕದ ಗಾಜು ಹೇಗೆ ಹೇಳದೆ ಹೋಗುತ್ತದೆ, ಸಾಸಿವೆಕಾಳಷ್ಟು ಚಕ್ಕೆ ಏನು ಮಾಡುತ್ತದೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಮುಂದೊಂದು ದಿನ ಹೀಗಾದರೆ ಯಾರೂ ನಿನ್ನನ್ನು ಸುಳ್ಳ ಎನ್ನದಿರಲಿ ಎಂದು ತಮ್ಮ ಅಂಗಡಿಯ ವಿಳಾಸ ಕೊಡುತ್ತಾರೆ. ಕೊನೆಗೆ ಬೆರಳು ತೋರಿಸಿ, ತಪ್ಪು ನನ್ನದು ಎನ್ನುತ್ತಾರೆ. ಅಷ್ಟು ಹೇಳಿದ ದಿನ ರಾತ್ರಿ ಅವರಿಗೆ ಸ್ವಲ್ಪ ನಿದ್ದೆ ಬರುತ್ತದೆ.

ನಾನು ಪಕ್ಕದಲ್ಲಿ ನಿಂತಿರುತ್ತೇನೆ. ನಾನು ಹೇಳಬೇಕಾದದ್ದು ಎರಡೇ ಮಾತು, 'ನನಗೆ ಗೊತ್ತಿತ್ತು' ಎಂದು. ಅದು ದಿನವೂ ಬಾಯಿಯವರೆಗೆ ಬರುತ್ತದೆ. ಆದರೆ ಆ ಮಾತನ್ನು ಕೇಳಬೇಕಾದವನು ಈ ಗೇಟಿನಲ್ಲಿಲ್ಲ, ನಿನ್ನೆಯ ಗೇಟಿನಲ್ಲೂ ಇರಲಿಲ್ಲ. ಮಾವನವರ ಕೈ ಹಿಡಿದು ಎಬ್ಬಿಸುತ್ತೇನೆ. ಮುಂದಿನ ಗೇಟಿಗೆ ಹೋಗುತ್ತೇವೆ.